ಬರದ ವರ್ಷ ಕೆರೆ ನೀರಿನ ಪಾಲು

ಕೆರೆ ಅರ್ಧವೇ ತುಂಬಿದ ವರ್ಷ ತೂಬಿನ (ಕೆರೆಯಿಂದ ನೀರು ಬಿಡೋ ಬಾಗಿಲು) ಹತ್ತಿರದ ಗದ್ದೆಯವರಿಗಷ್ಟೇ ನೀರು ಸಿಗ್ತಿತ್ತಾ ಅಂತ ಕೇಳಿದ್ದೀರಿ. ಬಯಲುಸೀಮೆಯ ಹಲವು ಕೆರೆಗಳಲ್ಲಿ ಹಾಗಿರಲಿಲ್ಲ ಸಾರ್. ಇರೋ ನೀರಿಗೆ ಎಷ್ಟು ಗದ್ದೆ ನೆನೆಯುತ್ತೆ ಅಂತ ಊರವರು ಮೊದಲೇ ಕೂತು ಲೆಕ್ಕ ಹಾಕೋರು. ತೂಬಿನ ಪಕ್ಕದ ಅಷ್ಟೇ ಜಾಗ ಆ ವರ್ಷಕ್ಕೆ ಎಲ್ಲರದ್ದು. ಅಚ್ಚುಕಟ್ಟಿನ ಕೊನೆಯವನಿಗೂ ಅವನ ಹಿಡುವಳಿಗೆ ತಕ್ಕ ತುಂಡು. ಈ ಪದ್ಧತಿಗೇ ದಾಮಾಷಾ ಅಂತ ಹೆಸರು. ಉದ್ದದ ಕಾಲುವೆಯಲ್ಲಿ ನೀರು ಇಂಗಿ ಹೋಗೋದೂ ತಪ್ತಿತ್ತು, ಅಸಲಿ ಜಾಣತನ ಅದು. ತೂಬು ಎತ್ತೋದು, ಮಡೆ ತಿರುಗಿಸೋದು ನೀರುಗಂಟಿಯ ಕೆಲಸ, ರೈತ ಕೈ ಹಾಕೋ ಹಾಗಿರಲಿಲ್ಲ. ನೀರುಗಂಟಿಗೆ ಕೂಲಿ ಸುಗ್ಗಿಯಲ್ಲಿ, ಕಾಳಿನಲ್ಲಿ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು (ಹಳೇ ಪದ್ಧತಿ ಹೊಗಳೋರು ಇದನ್ನ ಬಿಟ್ಟುಬಿಡ್ತಾರೆ). ಕೊಳವೆಬಾವಿ ಬಂದ ಮೇಲೆ ಉಳ್ಳವರಿಗೆ ಈ ಪಂಚಾಯ್ತಿಯೇ ಬೇಡವಾಯ್ತು.