ಬರ್ನ್ಸ್‌ಗೆ ಗುಂಡು ಹೊಡೆದದ್ದು ಮ್ಯಾಗಿ: ಸುಳಿವುಗಳು ಎಲ್ಲಿವೆ?

ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ನಲ್ಲಿ ಶ್ರೀಮಂತ ಮಾಲೀಕ ಬರ್ನ್ಸ್‌ಗೆ ಗುಂಡು ಹೊಡೆದದ್ದು ಸಿಂಪ್ಸನ್ ಮನೆಯ ಪುಟ್ಟ ಮಗು ಮ್ಯಾಗಿ ಅನ್ನೋದಕ್ಕೆ, ಎರಡು ಭಾಗಗಳ ಆ ಕಥೆಯ ಮೊದಲ ಭಾಗದಲ್ಲಿ ಸುಳಿವೇ ಇರಲಿಲ್ಲವಾ ಅಂತ ಕೇಳಿದ್ದೀರಿ. ಖಂಡಿತ ಇತ್ತು. 1995ರ ಮೇ 21ರಂದು ಪ್ರಸಾರವಾದ ಆ ಸಂಚಿಕೆಯ ಕೊನೆಯಲ್ಲಿ, ಬರ್ನ್ಸ್ ಸೂರ್ಯಗಡಿಯಾರದ ಮೇಲೆ ಬೀಳುವ ದೃಶ್ಯವನ್ನು ನಿಲ್ಲಿಸಿ ನೋಡಿ. ಎರಡೂ ಕೈ ದಿಕ್ಕಿನ ಅಕ್ಷರಗಳಾದ ‘ಡಬ್ಲ್ಯೂ’, ‘ಎಸ್’ ಕಡೆ ಚಾಚಿವೆ. ಅವು ಬರ್ನ್ಸ್ ಸಹಾಯಕ ವೇಲನ್ ಸ್ಮಿದರ್ಸ್ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು ಅಂದುಕೊಂಡು ಎಲ್ಲರೂ ಎಡವುವುದು ಇಲ್ಲೇ. ಎದುರು ಬದಿಯಿಂದ ಡಬ್ಲ್ಯೂ ತಲೆಕೆಳಗಾಗಿ ‘ಎಂ’ ಆಗುತ್ತೆ: ಮ್ಯಾಗಿ ಸಿಂಪ್ಸನ್. ಬೀಳುವ ಮುಂಚೆ ಕೋಟಿನೊಳಗಿನ ಪಿಸ್ತೂಲಿನ ಚೀಲವನ್ನೂ ಗಮನಿಸಿ, ಖಾಲಿಯಿದೆ. ಅಂದರೆ ಗುಂಡು ಹಾರಿದ್ದು ಅವರದೇ ಪಿಸ್ತೂಲಿನಿಂದ. ಮಗುವಿನ ಕೈಯಿಂದ ಮಿಠಾಯಿ ಕಸಿಯುವ ಮಾತನ್ನೂ ಬರ್ನ್ಸ್ ಅದೇ ಸಂಚಿಕೆಯಲ್ಲಿ ಆಡುತ್ತಾರೆ. ಸೆಪ್ಟೆಂಬರ್ 17ರ ಎರಡನೇ ಭಾಗದಲ್ಲಿ ನಡೆದದ್ದು ಅಕ್ಷರಶಃ ಅದೇ: ಲಾಲಿಪಾಪ್ ಎಳೆದಾಟದಲ್ಲಿ ಪಿಸ್ತೂಲು ಜಾರಿ ಮ್ಯಾಗಿ ಕೈಗೆ ಬಿತ್ತು.