ಸಮಾಧಿಗಲ್ಲನ್ನು ನಂಬಿ ಕೆಟ್ಟೆವು

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿತು. ನ್ಯೂಜಿಲೆಂಡಿನ ರಗ್ಬಿ ನಾಯಕ ಡೇವ್ ಗ್ಯಾಲಹರ್ ಕುರಿತ ನಮ್ಮ ಬರಹದಲ್ಲಿ ಎರಡು ತಪ್ಪು ಹಿಡಿದಿದ್ದೀರಿ: ಸಾಯುವಾಗ ಆತನಿಗೆ 41 ಅಲ್ಲ, 43, ಮೊದಲ ಮಹಾಯುದ್ಧದಲ್ಲಿ ತಮ್ಮನ ಸಾವಿಗೆ ಸೇಡು ತೀರಿಸಲು ಸೇನೆ ಸೇರಿದನೆಂಬುದು ಕಟ್ಟುಕತೆ. ಎರಡೂ ಒಪ್ಪಿದೆ.

ವಯಸ್ಸಿಗೆ ನಮ್ಮಲ್ಲೊಂದು ನೆಪವಿದೆ. ಬೆಲ್ಜಿಯಂನ ಪೋಪರಿಂಗೆ ಬಳಿಯ ನೈನ್ ಎಲ್ಮ್ಸ್ ಸೈನಿಕ ಸ್ಮಶಾನದಲ್ಲಿ ಆತನ ಸಮಾಧಿಗಲ್ಲಿನ ಮೇಲೇ 41 ಎಂದಿದೆ. ಐರ್ಲೆಂಡಿನ ರಮೆಲ್ಟನ್‌ನಲ್ಲಿ ಹುಟ್ಟಿದ್ದು 1873ರ ಅಕ್ಟೋಬರ್ 30, ಸತ್ತದ್ದು 1917ರ ಅಕ್ಟೋಬರ್ 4. ಬೆರಳು ಮಡಚಿ ಎಣಿಸಿದ್ದರೆ ಸಾಕಿತ್ತು, ಎಣಿಸಲಿಲ್ಲ.

ಸೇಡಿನ ಕತೆಗೆ ಆ ನೆಪವೂ ಇಲ್ಲ. ಆತ ಹೆಸರು ಬರೆಸಿದ್ದು 1916ರ ಮೇ ತಿಂಗಳಲ್ಲಿ. ಆಸ್ಟ್ರೇಲಿಯಾ ಸೇನೆಯಲ್ಲಿದ್ದ ತಮ್ಮ ಡಗ್ಲಸ್ ಫ್ರಾನ್ಸಿನ ಲವೆಂಟಿಯಲ್ಲಿ ಸತ್ತದ್ದು ಜೂನ್ 3ರಂದು. ವಯಸ್ಸು ಮೀರಿದ್ದರಿಂದ ಕಡ್ಡಾಯ ಸೇವೆ ಗ್ಯಾಲಹರ್‌ಗೆ ಇರಲಿಲ್ಲ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧವನ್ನೂ ಮುಗಿಸಿ ಬಂದವನು. ಆದರೂ ಹೋದ. ಚೆಂದದ ಕತೆ ಸಿಕ್ಕಿದಾಗ ತಾರೀಖು ನೋಡಲು ಮನಸ್ಸೇ ಬರುವುದಿಲ್ಲ, ಅದು ನಮ್ಮ ಕಸುಬಿನ ಹಳೆಯ ಕಾಯಿಲೆ.

ಆಟದ ಬಗ್ಗೆ ಬರೆದದ್ದು ಸಾಲದು ಎಂದಿರಿ, ಅದೂ ಸರಿ. 1905–06ರ ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಉತ್ತರ ಅಮೆರಿಕ ಪ್ರವಾಸದಲ್ಲಿ ಆತನ ತಂಡ 35 ಪಂದ್ಯ ಆಡಿ 34 ಗೆದ್ದಿತು. ಗಳಿಸಿದ್ದು 976 ಅಂಕ, ಕೊಟ್ಟದ್ದು 59. ಹಳೆಯ ಫೋಟೊಗಳಲ್ಲಿ ಮೊಣಕಾಲ ಕೆಳಗೆ ದಪ್ಪ ಪ್ಯಾಡ್ ಕಟ್ಟಿಕೊಂಡು ಕೂತಿರುತ್ತಾನೆ. ಅದು ಸುಮ್ಮನೆ ಅಲ್ಲ. ಸ್ಕ್ರಮ್‌ಗೆ, ಅಂದರೆ ಎರಡೂ ತಂಡದವರು ಬಾಗಿ ಭುಜ ಕೊಟ್ಟು ಒಬ್ಬರನ್ನೊಬ್ಬರು ತಳ್ಳುವ ಗುಂಪಿಗೆ, ಚೆಂಡು ಹಾಕಿ ಹಿಂದೆ ಸರಿಯದೆ ಅಲ್ಲೇ ಪಕ್ಕದಲ್ಲಿ ನಿಲ್ಲುತ್ತಿದ್ದ. ಚೆಂಡಿಗೆ ನುಗ್ಗುವ ಎದುರಾಳಿಗೆ ಮೊದಲು ಇವನೇ ಅಡ್ಡ. ಬ್ರಿಟಿಷ್ ಪತ್ರಿಕೆಗಳು ಮೋಸಗಾರ ಎಂದು ಬೈದವು. ನನ್ನ ಕೇಳಿದರೆ ಅದು ನಿಯಮದ ಸಂದಿಯಲ್ಲಿ ತೂರಿದ ಜಾಣತನ.

ಸೋತ ಒಂದೇ ಪಂದ್ಯ ಕಾರ್ಡಿಫ್‌ನಲ್ಲಿ, ವೇಲ್ಸ್ ಎದುರು 0–3. ನ್ಯೂಜಿಲೆಂಡಿನ ಬಾಬ್ ಡೀನ್ಸ್ ಚೆಂಡನ್ನು ಅಂಕ ತರುವ ಗೆರೆಯಾಚೆ ಇಟ್ಟನೋ ಈಚೆ ಇಟ್ಟನೋ ಎಂಬ ಜಗಳ, ನಮ್ಮ ಕಬಡ್ಡಿ ಅಂಗಳದ ಜಗಳದಂತೆಯೇ, ಇವತ್ತಿಗೂ ಮುಗಿದಿಲ್ಲ. ಗ್ಯಾಲಹರ್ ಮಾತ್ರ ಅವತ್ತೇ ಮುಗಿಸಿದ್ದ: ಚೆನ್ನಾಗಿ ಆಡಿದವರು ಗೆದ್ದರು ಎಂದ.

ಬೆಲ್ಜಿಯಂನ ಪ್ಯಾಶೆಂಡೇಲ್ ಕದನದ ಗ್ರಾವೆನ್‌ಸ್ಟಾಫೆಲ್ ದಿಬ್ಬದಲ್ಲಿ ಶೆಲ್ಲಿನ ಚೂರೊಂದು ಹೆಲ್ಮೆಟ್ ತೂರಿ ಆತನ ತಲೆಗೆ ಹೊಕ್ಕಿತು. ಜೀವ ಹೋದದ್ದು ಅದೇ ದಿನ, ಆಸ್ಟ್ರೇಲಿಯನ್ನರ ಚಿಕಿತ್ಸಾ ಶಿಬಿರದಲ್ಲಿ. 1918ರ ಏಪ್ರಿಲ್‌ನಲ್ಲಿ ಇನ್ನೊಬ್ಬ ತಮ್ಮ ಹೆನ್ರಿಯೂ ಹೋದ. ಒಂದೇ ಮನೆಯ ಮೂವರು.

ನಿಮ್ಮ ಕೊನೆಯ ಪ್ರಶ್ನೆಗೆ: ಹೌದು, ಫ್ರಾನ್ಸ್ ಮತ್ತು ನ್ಯೂಜಿಲೆಂಡ್ 2000ದಿಂದ ಸೆಣಸುತ್ತಿರುವ ರಗ್ಬಿ ಟ್ರೋಫಿ ಇವನ ಹೆಸರಿನದೇ. ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

– ಸಂ.