ಮೂರೂ ಫ್ಯಾನ್ ಬದಲಿಸಬೇಕಾ? ಹಾಲ್‌ನದ್ದು ಮೊದಲು ಬದಲಿಸಿ

ರಾಜಾಜಿನಗರದ ಮನೆಯ ಮೂರು ಹಳೇ ಫ್ಯಾನ್ ತೆಗೆದು ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಫ್ಯಾನ್, ಹಾಕಿಸಿದರೆ ಲಾಭವಿದೆಯಾ ಅಂತ ಕೇಳಿದ್ದೀರಿ. ದಿನವಿಡೀ ತಿರುಗುವ ಹಾಲ್ ಫ್ಯಾನ್‌ಗೆ ಖಂಡಿತ ಇದೆ. ನೆಂಟರು ಬಂದಾಗ ಮಾತ್ರ ಹಾಕುವ ರೂಮಿಗೆ ಸುಮ್ನೆ ಖರ್ಚು ಬೇಡ.

ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ನೀವು ಗೃಹಜ್ಯೋತಿಯಲ್ಲಿ ಇದ್ದರೆ ಇದು ಇನ್ನೂ ಮುಖ್ಯ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ವಾ? ಏಪ್ರಿಲ್ ಸೆಕೆಯಲ್ಲಿ ಈ 16 ಯೂನಿಟ್ಟೇ ನಿಮ್ಮನ್ನು ಕಾಪಾಡಬಹುದು. ಕರೆಂಟ್ ಹೋದಾಗ ಯುಪಿಎಸ್ ಕೂಡ ಜಾಸ್ತಿ ಹೊತ್ತು ಬರುತ್ತದೆ.

ಅಂಗಡಿಯಲ್ಲಿ ಸ್ಟಾರ್ ಮಾತ್ರ ನೋಡಬೇಡಿ. ಡಬ್ಬದ ಮೇಲೆ ಗಾಳಿಯ ಪ್ರಮಾಣ, ಅಂದರೆ ಸಿಎಂಎಂ, ಬರೆದಿರುತ್ತದೆ. 1200 ಎಂಎಂ ಫ್ಯಾನ್‌ಗೆ 220 ಇದ್ದರೆ ಒಳ್ಳೆಯದು. ಕರೆಂಟ್ ಕಡಿಮೆ, ಗಾಳಿಯೂ ಕಡಿಮೆ ಅಂದರೆ ಏನು ಪ್ರಯೋಜನ?

ಇನ್ನೊಂದು ವಿಷಯ, ಇದನ್ನು ಮರೆಯಲೇಬೇಡಿ. ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ, ನೇರ ಸ್ವಿಚ್‌ಗೆ ಕೊಡಿಸಿ. ಅದನ್ನು ಹಾಗೇ ಬಿಟ್ಟರೆ ಹೊಸ ಫ್ಯಾನ್ ಒಳಗಿನ ಸರ್ಕ್ಯೂಟ್ ಹಾಳಾಗಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ರಿಮೋಟ್ ಜೊತೆಗೆ ಸ್ವಿಚ್‌ನಿಂದಲೂ ಸ್ಪೀಡ್ ಬದಲಿಸುವ ಮಾಡೆಲ್ ಕೇಳಿ.